ಚಕ್ರವಿಲ್ಲದ ವಾಹನಕ್ಕೆ ಪೂಜೆ

ಬಿಚ್ಚುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಜೋಡಿಸುವ ವಿಚಾರ ಬಂದಾಗ ಮಾತ್ರ ಉತ್ಸಾಹ ಕೈಕೊಡುತ್ತದೆ. ಬಾಲ್ಯದ ಟಾರ್ಚಿನಿಂದ ಹಿಡಿದು ಮದುವೆಗೆ ಉಡುಗೊರೆ ಬಂದ ಮಿಕ್ಸಿಯವರೆಗೆ ನಾನು ಕೈಯಿಟ್ಟದ್ದೆಲ್ಲ ಇಂದಿಗೂ ಡಬ್ಬಿಗಳಲ್ಲಿ ಬಿಡಿಬಿಡಿಯಾಗಿ ವಿಶ್ರಾಂತಿ ಪಡೆಯುತ್ತಿದೆ. ಇಂಥ ನನಗೆ, ನರಸಿಂಹರಾಜಪುರದ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದ ಗೆಳೆಯನೊಬ್ಬ ಆ ವ್ಯವಹಾರ ಮುಚ್ಚುವಾಗ ಕೆಟ್ಟ ಜೆಟ್ ಸ್ಕೀ ಒಂದನ್ನು ತೋರಿಸಿ, "ತಗೊಂಡು ಹೋಗು ಮಾರಾಯ, ಜಾಗ ಖಾಲಿಯಾದ್ರೆ ಸಾಕು" ಎಂದ. ಜೆಟ್ ಸ್ಕೀ ಎಂದರೆ ನೀರಿನ ಮೇಲೋಡುವ ಬೈಕು. ಹೊಟ್ಟೆಯಡಿಯಿಂದ ನೀರು ಹೀರಿ ಹಿಂದಕ್ಕೆ ಉಗುಳುತ್ತ ಮುಂದೆ ಹೋಗುತ್ತದೆ. ಕೊಪ್ಪದ ನಮ್ಮ ಮನೆಯೆದುರು ಅದು ಪಿಕಪ್‌ನಿಂದ ಇಳಿದಾಗ ನನ್ನ ಹೆಂಡತಿ ವಸುಧಾ ಕೇಳಿದ್ದು ಒಂದೇ: "ಎಲ್ಲಿ ಓಡಿಸ್ತೀರಿ, ನಮ್ಮ ನೀರಿನ ಟ್ಯಾಂಕಲ್ಲಾ?"

ಇಂಜಿನ್ನಿನೊಳಗೆ ನೀರು ಹೋಗಿ ಪಿಸ್ಟನ್ ಕಚ್ಚಿಕೊಂಡಿತ್ತು. ಡೀಸೆಲ್ ಕುಡಿಸಿ, ಮರದ ಸುತ್ತಿಗೆಯಿಂದ ಪುಸಲಾಯಿಸಿ ಬಿಡಿಸಿದೆ. ಇಂಜಿನ್ನಿನ ಕವಚವನ್ನು ಬಿಸಿ ಮಾಡಿ, ಬೇರಿಂಗನ್ನು ತಣ್ಣಗಾಗಿಸಿ ಕೂರಿಸಬೇಕೆಂದು ಫೋನಿನಲ್ಲಿ ಯಾರೋ ತೋರಿಸಿದ್ದರು. ಹೀಗಾಗಿ ಕವಚ ಬಚ್ಚಲ ಒಲೆಯ ಬಾಯಿಗೆ ಹೋಯಿತು, ಬೇರಿಂಗು ಫ್ರೀಜರಿಗೆ. ವಸುಧಾ ಏನಾದರೂ ಹೇಳಲು ಬಾಯಿ ತೆರೆದರೆ "ಒಂದ್ನಿಮಿಷ, ಬೋಲ್ಟ್ ಬಿಗೀಬೇಕು" ಎಂದು ಎದ್ದು ಶೆಡ್ಡಿಗೆ ಹೋಗುತ್ತಿದ್ದೆ. ಅಷ್ಟು ಬೋಲ್ಟುಗಳು ವಿಮಾನದಲ್ಲೂ ಇರಲಿಕ್ಕಿಲ್ಲ. ಕಡೆಗೊಂದು ದಿನ ಅವಳು ಶೆಡ್ಡಿನ ಬಾಗಿಲಲ್ಲೇ ಅಡ್ಡ ನಿಂತಳು. "ಆಯುಧಪೂಜೆ ದಿನ ಇದು ನೀರಲ್ಲಿ ಓಡ್ಬೇಕು. ಇಲ್ದಿದ್ರೆ ಗುಜರಿಗೆ."

ನನ್ನ ಮಾನ ಒಂದು ಪಿಸ್ಟನ್ನಿನ ಮೇಲೆ ನಿಂತಿತು. ಆಶ್ಚರ್ಯವೆಂದರೆ, ಹಬ್ಬಕ್ಕೆ ಸರಿಯಾಗಿ ಅದು ಗುಡುಗಿತು! ಖುಷಿಗೆ ನನಗೆ ಕಣ್ಣೀರೇ ಬಂತು. ಹೊಗೆಯೂ ಸ್ವಲ್ಪ ಕಾರಣ.

ಹಿನ್ನೀರಿನ ದಡದಲ್ಲಿ ಪೂಜೆಗೆ ನಿಂತವರು ಪಕ್ಕದ ಮನೆಯ ಶೇಷಣ್ಣ. ಅರಿಶಿನ, ಕುಂಕುಮ, ತೆಂಗಿನಕಾಯಿ ಎಲ್ಲ ಸಾಂಗವಾಯಿತು. ಆಮೇಲೆ ನಿಂಬೆಹಣ್ಣು ಹಿಡಿದು ಪೆಚ್ಚಾದರು. "ಇದಕ್ಕೆ ಚಕ್ರವೇ ಇಲ್ವಲ್ಲ ಮಾರಾಯ, ಎಂತದರ ಅಡಿಗೆ ಇಡೂದು?" ಆ ಕೊರತೆ ನೀಗಲು, ಹ್ಯಾಂಡಲಿನಿಂದ ಎರಡೂ ಪಕ್ಕಕ್ಕೆ ಇಳಿಬೀಳುವಂತೆ ಮಾರುದ್ದದ ಸೇವಂತಿಗೆ ಮಾಲೆ ಹಾಕಿದರು. ಪೂಜೆಯ ಮಾಲೆ ತೆಗೆಯಲು ನನಗೆ ಧೈರ್ಯ ಬರಲಿಲ್ಲ. ಲೈಫ್ ಜಾಕೆಟ್ ತೊಟ್ಟು ವಸುಧಾ ಹಿಂದೆ ಕೂತಳು. ಹೊರಟೆವು. ದಡದಲ್ಲಿ ಚಪ್ಪಾಳೆ. ಹಿನ್ನೀರಿನ ನಡುವೆ ತಲುಪುವಷ್ಟರಲ್ಲಿ ಮಾಲೆ ಜಾರಿ ನೀರಿಗೆ ಬಿತ್ತು, ವಾಹನ ಅದನ್ನು ಹೊಟ್ಟೆಯಡಿಯಿಂದ ಹೀರಿತು, ದಾರ ಒಳಗಿನ ಫ್ಯಾನಿಗೆ ಸುತ್ತಿಕೊಂಡಿತು. ನಿಂತೆವು.

"ಇಂಜಿನ್ ಸರಿ ಇದೆ, ಹೂವಿಂದೇ ತೊಂದರೆ" ಎಂದೆ.

"ಇರ್ಲಿ. ಈಗ ಬಿಗಿಯೋ ಬೋಲ್ಟ್ ಎಂತದೂ ಇಲ್ಲ ಅಲ್ದಾ?" ಎಂದಳು.

ಆಮೇಲೆ ಶುರುವಾಯಿತು. ಫ್ರೀಜರಿನ ಬೇರಿಂಗು, ಬಚ್ಚಲ ಒಲೆ, ಅವಳ ತಂಗಿಯ ಗೃಹಪ್ರವೇಶಕ್ಕೆ ನಾನು ಗ್ರೀಸ್ ಕೈಯಲ್ಲೇ ಹೋದದ್ದು, ಅವಳಿಗೆ ಜ್ವರ ಬಂದದ್ದು ನನಗೆ ಗೊತ್ತೇ ಆಗದಿದ್ದದ್ದು. ಕೊನೆಯದಕ್ಕೆ ನಿಜವಾಗಿ ನಾಚಿಕೆಯಾಯಿತು. ಸುತ್ತಲೂ ನೀರು, ಎದ್ದು ಎಲ್ಲಿಗೆ ಹೋಗಲಿ? ಅಷ್ಟರಲ್ಲಿ ಮೀನು ಹಿಡಿಯುವವರೊಬ್ಬರು ಹಗ್ಗ ಹಿಡಿದು ದೋಣಿಯಲ್ಲಿ ಧಾವಿಸಿ ಬಂದರು.

"ನಿಧಾನ ಬನ್ನಿ ಮಾರಾಯ್ರೇ, ಗಡಿಬಿಡಿ ಎಂತ ಇಲ್ಲ," ಎಂದಳು ವಸುಧಾ. "ನಂದಿನ್ನೂ ಮುಗಿದಿಲ್ಲ."

ಮರುದಿನ ಗುಜರಿಯವನಿಗೆ ಫೋನು ಮಾಡಿದವನು ನಾನು. ಗೇಟಿನಿಂದಲೇ ಅವನನ್ನು ವಾಪಸು ಕಳಿಸಿದವಳು ಅವಳು.