ನಿಧಾನಪ್ಪನ ತಲೆಯ ನಕ್ಷೆ

ನಿಧಾನಪ್ಪನಿಗೆ ರಜೆ ಸಿಗದಿರುವುದಕ್ಕೆ ಅವನ ತಲೆಯೇ ಕಾರಣ. ಲಿಫ್ಟ್ ರಿಪೇರಿ ಕಂಪನಿಯಲ್ಲಿ ಫೋನೆತ್ತಿ ದೂರು ಕೇಳಿ, ಮೆಕ್ಯಾನಿಕ್ ಮೊದಲು ಎಲ್ಲಿಗೆ ಓಡಬೇಕೆಂದು ಹೇಳುವ ಕೆಲಸ ಅವನದು. ಆ ಲೆಕ್ಕದಲ್ಲಿ ಎಡವಿದವನೇ ಅಲ್ಲ. "ನೀವು ಹೋದ್ರೆ ಇಲ್ಲಿ ಯಾರ್ರೀ ನೋಡ್ಕೊಳ್ಳೋದು?" ಎಂದು ಮ್ಯಾನೇಜರ್ ವರ್ಷವೂ ರಜೆ ತಳ್ಳಿಹಾಕುತ್ತಿದ್ದರು. ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮದುವೆಯಾದಾಗ ಕೊಟ್ಟ ಮಾತು ಹಾಗೇ ಉಳಿದಿತ್ತು. ಈ ಸಲ ಅವಳು ಪೆಟ್ಟಿಗೆಯನ್ನೇ ಕಟ್ಟಿ ಬಾಗಿಲ ಬಳಿ ಇಟ್ಟುಬಿಟ್ಟಿದ್ದಳು.

ಹೀಗಿರುವಾಗ ಕಂಪನಿ ಕರೆಸಿದ ತಜ್ಞೆಯೊಬ್ಬಳು ಬಂದು, ಅವನು ಯೋಚಿಸುವ ರೀತಿಯನ್ನು ನಕ್ಷೆ ಮಾಡಿ ಬೇರೆಯವರಿಗೂ ಕಲಿಸುತ್ತೇನೆ ಎಂದಾಗ ನಿಧಾನಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಒಂದೇ ನಿಯಮ ಸಾರ್," ಎಂದಳು ತಜ್ಞೆ. "ಕೆಲಸ ಮಾಡ್ತಾ ಮನಸ್ಸಿಗೆ ಬಂದಿದ್ದೆಲ್ಲಾ ಜೋರಾಗಿ ಹೇಳ್ಬೇಕು. ಏನೂ ಮುಚ್ಚಿಡಬಾರ್ದು."

ನಿಧಾನಪ್ಪ ಗಂಟಲು ಸರಿಮಾಡಿಕೊಂಡ. "ಫೋನ್ ಬಂತು. ಎತ್ತಬೇಕು. ಅಯ್ಯೋ, ಕ್ಯಾಷಿಯರ್ ಬರ್ತಿದಾನೆ. ಪೆನ್ನು ತಗೊಂಡ್ರೆ ವಾಪಸ್ ಕೊಡೋ ಆಸಾಮಿ ಅಲ್ಲ."

ಕ್ಯಾಷಿಯರನ ಕೈ ಗಾಳಿಯಲ್ಲೇ ನಿಂತಿತು. ಆಫೀಸಿಗೆ ಆಫೀಸೇ ಮೇಜಿನ ಸುತ್ತ ಸೇರಿತು. "ನನ್ನ ಬಗ್ಗೆ ಏನ್ ಬರುತ್ತೆ ಮನಸ್ಸಿಗೆ? ಹೇಳಿ, ಹೇಳಿ," ಎಂದು ಟೈಪಿಸ್ಟ್ ಅಕ್ಕ ಕುರ್ಚಿ ಎಳೆದುಕೊಂಡರು. ಕೇಳಿದ ಮೇಲೆ ಕುರ್ಚಿ ಸಮೇತ ವಾಪಸ್ ಹೋದರು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ನಿಧಾನಪ್ಪನ ಬಾಯಿ ನಿಲ್ಲಬೇಕಲ್ಲ! "ಸಾಹೇಬ್ರು ಬಂದ್ರು. ಇವ್ರು ಏನೇ ಹೇಳಿದ್ರೂ ಹೂಂ ಅನ್ನೋದು. ಆಮೇಲೆ ನಮಗೆ ಸರಿ ಅನ್ಸಿದ್ದು ಮಾಡೋದು."

ಮ್ಯಾನೇಜರ್ ಇಂಗು ತಿಂದ ಮಂಗನಂತಾದರು.

ಮಧ್ಯಾಹ್ನ ಎರಡು ಫೋನು ಒಟ್ಟಿಗೇ ಬಂದವು. ಉಳಿದಿದ್ದ ಮೆಕ್ಯಾನಿಕ್ ಒಬ್ಬನೇ. ಒಂದರಲ್ಲಿ ಯಾರೋ, "ಲಿಫ್ಟಲ್ಲಿ ಸಿಕ್ಕಾಕ್ಕೊಂಡಿದೀನಿ, ಕೇಸ್ ಹಾಕ್ತೀನಿ!" ಎಂದು ಅರಚುತ್ತಿದ್ದ. ಇನ್ನೊಂದರಲ್ಲಿ, ಬೇರೊಂದು ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದ ಒಬ್ಬರು ಅಜ್ಜಿ, "ಪರವಾಗಿಲ್ಲಪ್ಪಾ, ನಿಧಾನವಾಗೇ ಬನ್ನಿ," ಎಂದರು.

"ಈಗ ಹೇಗೆ ತೀರ್ಮಾನ ಮಾಡ್ತೀರಿ?" ತಜ್ಞೆ ಮುಂದಕ್ಕೆ ಬಾಗಿದಳು.

ನಿಧಾನಪ್ಪ ಬೆವರೊರೆಸಿಕೊಂಡು, ಬೇರೆ ದಾರಿ ಕಾಣದೆ, ಮನೆಗೆ ಫೋನ್ ಮಾಡಿದ. "ಇವಳೇ, ಒಬ್ಬ ಅರಚ್ತಾನೆ, ಒಬ್ರು ಅಜ್ಜಿ ಪರವಾಗಿಲ್ಲ ಅಂತಾರೆ. ಯಾರ ಹತ್ರ ಕಳಿಸ್ಲಿ?"

"ಅರಚೋನಿಗೆ ಉಸಿರಾದ್ರೂ ಇದೆ ರೀ. ಅಜ್ಜಿ ಹತ್ರ ಓಡ್ಸಿ!"

ಮೆಕ್ಯಾನಿಕ್ ಹೋಗಿ ನೋಡಿದರೆ ಅಜ್ಜಿ ಕತ್ತಲ ಲಿಫ್ಟಿನಲ್ಲಿ ಸುಸ್ತಾಗಿ ನೆಲಕ್ಕೆ ಕುಸಿದಿದ್ದರು. ಆಮೇಲೆ ಇನ್ನೊಂದು ಕಡೆ ಹೋದರೆ ಅರಚಿದವನು ಲಿಫ್ಟಿನ ಹೊರಗೇ ನಿಂತಿದ್ದ. ದಿನವೂ ಹೆಂಡತಿಯನ್ನು ಕೇಳಿಯೇ ತೀರ್ಮಾನ ಮಾಡುವ ಗುಟ್ಟು ರಟ್ಟಾದ ಮೇಲೆ ಸಂಕೋಚವೇಕೆ? ಸಂಜೆವರೆಗೂ ನಿಧಾನಪ್ಪ ಕಷ್ಟ ಬಂದಾಗಲೆಲ್ಲ ಮನೆಗೇ ಫೋನ್ ಮಾಡಿದ.

ತಜ್ಞೆ ಬೋರ್ಡಿನ ಮೇಲೆ ನಕ್ಷೆ ಬರೆದಳು. ಬಾಣಗಳೆಲ್ಲ ಹೋಗಿ ಸೇರಿದ್ದು ಒಂದೇ ಕಡೆ. ಅವಳು ಮ್ಯಾನೇಜರ್ ಕಡೆ ತಿರುಗಿದಳು. "ಸಾರ್, ಈ ಕೆಲಸದ ಯೋಚನೆಯೆಲ್ಲಾ ಇವರ ಹೆಂಡತಿದು. ಇವರು ಬರೀ ಟೆಲಿಫೋನ್ ತಂತಿ."

ನಿಧಾನಪ್ಪನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆಂಡತಿಯ ಮೇಲೆ ಹೆಮ್ಮೆಯಾಯಿತು. ಮೆಲ್ಲಗೆ ಕೇಳಿದ, "ಹಾಗಾದ್ರೆ ನನಗೆ ರಜೆ, ಸಾರ್?"

"ಧಾರಾಳವಾಗಿ ಹೋಗಿ! ನಾಳೆನೇ ಹೊರಡಿ," ಎಂದರು ಮ್ಯಾನೇಜರ್. "ಆದ್ರೆ ನಿಮ್ಮ ಹೆಂಡ್ತಿಗೆ ರಜೆ ಇಲ್ಲ. ಅವ್ರೂ ಹೋದ್ರೆ ಇಲ್ಲಿ ಯಾರ್ರೀ ನೋಡ್ಕೊಳ್ಳೋದು?"

ಬಾಗಿಲ ಬಳಿಯ ಪೆಟ್ಟಿಗೆ ನಿಧಾನಪ್ಪನ ಕಣ್ಣೆದುರು ಬಂತು. ಇದನ್ನು ಅವಳಿಗೆ ಯಾವ ಬಾಯಿಂದ ಹೇಳುವುದು? ತುಂಬ ಹೊತ್ತು ಯೋಚಿಸಿದ. ಏನೂ ಹೊಳೆಯಲಿಲ್ಲ. ಕೊನೆಗೆ ಫೋನೆತ್ತಿದ.

"ಇವಳೇ, ಇನ್ನೊಂದು ಕಷ್ಟದ ಕೇಸು ಬಂದಿದೆ. ಏನ್ ಮಾಡ್ಲಿ, ಹೇಳು."