ಕಪಿಲೆಯ ದೃಢೀಕೃತ ನಕಲು

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಸಮಸ್ತ ಜನಸಂಖ್ಯೆಯಲ್ಲಿ ಪೂರ್ಣಾವಧಿ ಚಿತ್ರಕಾರರ ಸಂಖ್ಯೆ ಒಂದು ಎಂದು ೧೯೯೯ರ ಫೆಬ್ರವರಿಯಲ್ಲಿ ಅಧಿಕೃತವಾಗಿ ಗೊತ್ತುಪಡಿಸಲಾಯಿತು. ಆ ಒಬ್ಬ, ರಂಗನಾಯಕ. ಗೊತ್ತುಪಡಿಸಿದ್ದು ಉಭಯ ತಾಲ್ಲೂಕು ಪೂರ್ಣಾವಧಿ ಕಲಾವಿದರ ಉತ್ತೇಜನ ಸಮಿತಿ. ಸಮಿತಿ ಹುಟ್ಟಿದ್ದು ಕಲೆಯ ಮೇಲಿನ ಪ್ರೀತಿಯಿಂದಲೇ, ಅದರಲ್ಲಿ ಯಾರಿಗೂ ಅನುಮಾನ ಬೇಡ. ಮಾರ್ಚ್ ಮುಗಿಯುವುದರೊಳಗೆ ಖರ್ಚಾಗದಿದ್ದರೆ ವಾಪಸ್ ಹೋಗಲಿದ್ದ ಅನುದಾನವೊಂದು ಆ ಪ್ರೀತಿಗೆ ಸ್ವಲ್ಪ ಅವಸರ ತಂದಿತ್ತು, ಅಷ್ಟೆ.

ಅದಕ್ಕೆ ಮುಂಚೆ ರಂಗನಾಯಕನನ್ನು ಊರು ಯಾವ ಲೆಕ್ಕಕ್ಕೂ ಹಿಡಿದಿರಲಿಲ್ಲ. "ಏನ್ ಕೆಲ್ಸ ಮಾಡ್ಕಂಡಿದ್ದೀರಿ?" ಅಂತ ಯಾರಾದರೂ ಕೇಳುತ್ತಿದ್ದರು. "ಚಿತ್ರ ಬರೀತೀನಿ" ಅಂದರೆ, "ಅದ್ ಸರಿ ಕಣ್ರೀ, ಕೆಲ್ಸಕ್ಕೆ ಏನ್ ಮಾಡ್ತೀರಿ?" ಅಂತ ಇನ್ನೊಂದು ಸಲ ಕೇಳುತ್ತಿದ್ದರು. ಲಾರಿಯ ಹಿಂದೆ ಹುಲಿ ಬರೆಯುವವನಾಗಿದ್ದರೆ, ಅಂಗಡಿಯ ಬೋರ್ಡು ಬರೆಯುವವನಾಗಿದ್ದರೆ ಮರ್ಯಾದೆ ಇರುತ್ತಿತ್ತು. ಇವನು ಹೊಳೆ ಬರೆಯುತ್ತಿದ್ದ. ಕಣ್ಣೆದುರಿಗೇ ಪುಕ್ಕಟೆ ಹರಿಯುವ ಹೊಳೆಯನ್ನು ಮತ್ತೆ ಕಾಗದದ ಮೇಲೆ ಯಾಕೆ ಬರೆಯಬೇಕು ಅಂತ ಊರಿಗೆ ಅರ್ಥವಾಗುತ್ತಿರಲಿಲ್ಲ.

ಅವನ ದಿನಚರಿ ಹೀಗಿತ್ತು. ಬೆಳಕು ಹರಿಯುವ ಮುಂಚೆ ಎದ್ದು ಹಲಗೆ, ಕಾಗದ, ಬಣ್ಣದ ಡಬ್ಬಿ, ಒಂದು ಹಿತ್ತಾಳೆ ಚೊಂಬು ತೆಗೆದುಕೊಂಡು ಕಪಿಲೆಯ ಮೆಟ್ಟಿಲಿಗೆ ಹೋಗಿ ಕೂರುವುದು. ಚೊಂಬಿಗೆ ಹೊಳೆಯ ನೀರನ್ನೇ ತುಂಬಿ, ಅದರಲ್ಲೇ ಕುಂಚ ಅದ್ದಿ, ಹೊಳೆಯನ್ನೇ ಬರೆಯುವುದು. ಬರೆಯುವುದಕ್ಕಿಂತ ಸುಮ್ಮನೆ ನೋಡುವುದೇ ಹೆಚ್ಚು. ಬಿಸಿಲು ಮೆಟ್ಟಿಲಿಗೆ ಇಳಿಯುವ ತನಕ ನೋಡಿ ನೋಡಿ, ಆಮೇಲೆ ನಾಲ್ಕು ಎಳೆತದಲ್ಲಿ ಮುಗಿಸಿ ಮನೆಗೆ ಬಂದುಬಿಡುತ್ತಿದ್ದ. ಕಾಣದ ಬಣ್ಣವನ್ನು ಅವನು ಒಂದು ದಿನವೂ ಕಾಗದಕ್ಕೆ ಮುಟ್ಟಿಸಿದವನಲ್ಲ. ಅವನಲ್ಲಿದ್ದ ಹಮ್ಮು ಅದೊಂದೇ. ಮನೆ ನಡೆಸುತ್ತಿದ್ದವಳು ಹೆಂಡತಿ ಮುದ್ದಮ್ಮ, ಅವಳ ಹೊಲಿಗೆ ಮಿಷನ್ನು, ಮತ್ತು ದಿನೇ ದಿನೇ ಮಂಜಾಗುತ್ತಿದ್ದ ಅವಳ ಕಣ್ಣು.

ಈಚೆಗೆ ಹೊಳೆಯ ಬಣ್ಣ ಕೆಡುತ್ತ ಬಂದಿತ್ತು. ಎಲ್ಲೆಲ್ಲಿಂದಲೋ ಏನೇನೋ ಬಂದು ಸೇರುತ್ತಿತ್ತು. ಎಲ್ಲಿಂದ, ಏನು ಅಂತ ಕೇಳುವುದು ಯಾರ ವ್ಯಾಪ್ತಿಗೂ ಬರುತ್ತಿರಲಿಲ್ಲ. ಚೊಂಬಿನ ನೀರಿಗೆ ಕುಂಚ ಅದ್ದಿ ಬಿಳಿ ಕಾಗದದ ಮೇಲೆ ಎಳೆದರೆ ಸಾಕು, ಹೊಳೆ ತಾನಾಗಿಯೇ ಮೂಡಿಬಿಡುತ್ತಿತ್ತು. ಎಷ್ಟೋ ದಿನ ರಂಗನಾಯಕ ಬಣ್ಣದ ಡಬ್ಬಿಯ ಮುಚ್ಚಳವನ್ನೇ ತೆಗೆಯದೆ ಚಿತ್ರ ಮುಗಿಸಿ ಬಂದಿದ್ದ.

ಇಂಥ ಕಲಾವಿದನನ್ನು ಸಮಿತಿಯು ಸಂಬಳದ ಮೇಲೆ ನೇಮಿಸಿಕೊಂಡಿತು. ಸಮಿತಿಯ ಅಧ್ಯಕ್ಷರಾದ ಗೆಜೆಟೆಡ್ ಅಧಿಕಾರಿ ಮಹಾದೇವಸ್ವಾಮಿಯವರು ಮೊದಲ ಸಭೆಯಲ್ಲಿಯೇ ಪೂರ್ಣಾವಧಿ ಎಂಬುದಕ್ಕೆ ಅರ್ಥ ಕೊಟ್ಟರು. ಪೂರ್ಣಾವಧಿ ಎಂದರೆ ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ, ಮಧ್ಯೆ ಊಟ. ಸೂರ್ಯೋದಯದಲ್ಲಿ ಬರೆಯುವವನು ಕಚೇರಿ ಅವಧಿಗೆ ಮುಂಚೆಯೇ ಕೆಲಸ ಮುಗಿಸಿಕೊಳ್ಳುವುದರಿಂದ ಅಂಥವನನ್ನು ನಿರುದ್ಯೋಗಿ ಎಂದು ಪರಿಗಣಿಸತಕ್ಕದ್ದು. ರಂಗನಾಯಕನಿಗೆ ಕಚೇರಿಯ ಹಿಂಭಾಗದಲ್ಲಿ ಒಂದು ಕೋಣೆ, ಒಂದು ಮೇಜು, ಒಂದು ಹಾಜರಾತಿ ಪುಸ್ತಕ ಕೊಡಲಾಯಿತು. ಕೋಣೆಗೆ ಹೊಳೆಯ ಕಡೆಗೇ ಒಂದು ಕಿಟಕಿ ಇತ್ತು. ವಾಸನೆ ಬರುತ್ತದೆಂದು ಅದಕ್ಕೆ ಮೊಳೆ ಹೊಡೆಯಲಾಗಿತ್ತು.

ಮೇಲ್ವಿಚಾರಣೆಗೆ ಗುಮಾಸ್ತ ಚಿಕ್ಕಸ್ವಾಮಿಯನ್ನು ಹಾಕಿದರು. ಚಿತ್ರಕಾರನ ಕೈ ಆಡುತ್ತಿದೆಯೇ ಇಲ್ಲವೇ ಎಂದು ನೋಡುತ್ತಿರುವುದು ಅವನ ಕೆಲಸ. ಮೊದಲ ದಿನವೇ ಅವನಿಗೆ ಗಾಬರಿಯಾಯಿತು.

"ಏನ್ರೀ ಇದು, ಆಗ್ಲಿಂದ ಸುಮ್ಕೆ ಕುಂತಿದ್ದೀರಲ್ಲ?"

"ನೋಡ್ತಾ ಇವ್ನಿ ಸಾ."

"ಏನ್ನ? ಬಿಳೀ ಕಾಗ್ದಾನಾ?"

"ಊಂ ಸಾ. ಎಲ್ಲಿ ಏನ್ ಬರ್ಬೇಕು ಅಂತ ನೋಡ್ತಾ ಇವ್ನಿ."

"ನೋಡೋದು ಗೀಡೋದೆಲ್ಲ ಮನೇಲ್ ಮುಗಿಸ್ಕಂಡ್ ಬನ್ನಿ. ಇಲ್ಲಿಗ್ ಬಂದ್ಮೇಲೆ ಬರೀಬೇಕು."

"ನೋಡ್ದೆ ಎಂಗ್ ಸಾ ಬರಿಯಾದು?"

"ನಾನು ಸರ್ವೀಸ್‌ಗೆ ಸೇರ್ದಾಗಿಂದ ನೋಡ್ದೆ ಬರೀತಾ ಇಲ್ವೇನ್ರೀ?" ಅಂದ ಚಿಕ್ಕಸ್ವಾಮಿ. ಅವನ ಮುಖದಲ್ಲಿ ನಗುವಿನ ಗುರುತೇ ಇರಲಿಲ್ಲ.

ವಿಷಯ ಅಧ್ಯಕ್ಷರ ತನಕ ಹೋಯಿತು. ಮಾರನೆಯ ದಿನ ಸುತ್ತೋಲೆ ಬಂತು: "ನೋಡುವುದು ಚಿತ್ರಕಾರನ ಖಾಸಗಿ ಹವ್ಯಾಸವಾಗಿದ್ದು, ಸದರಿ ಹವ್ಯಾಸವನ್ನು ಕಚೇರಿ ಅವಧಿಯಲ್ಲಿ ನಿಷೇಧಿಸಲಾಗಿದೆ. ನೋಡಲೇಬೇಕಾದ ಅನಿವಾರ್ಯ ಸಂದರ್ಭದಲ್ಲಿ ಸಾಂದರ್ಭಿಕ ರಜೆ ಪಡೆದು ನೋಡತಕ್ಕದ್ದು." ರಂಗನಾಯಕ ರಜೆ ಕೇಳಿದ. ಕಾರಣ ಏನು ಎಂದರು. ನೋಡೋದಕ್ಕೆ ಎಂದ. ನೋಡೋದು ರಜೆ ಕೊಡುವಂಥ ಕಾರಣವಲ್ಲ ಎಂದರು. ಹೊತ್ತಾರೆ ಹೊಳೆಗೆ ಹೋಗಿ ಬಂದು ಹತ್ತಕ್ಕೆ ಸಹಿ ಹಾಕೋಣ ಅಂತ ಕೆಲವು ದಿನ ಒದ್ದಾಡಿದ. ಕಚೇರಿಯ ಬೀಗ ತೆಗೆಯುವ ಕೆಲಸವೂ ಅವನ ತಲೆಗೇ ಬಿತ್ತು, ಕಸ ಗುಡಿಸುವುದೂ ಬಿತ್ತು. ಹೊಳೆಗೆ ಹೋಗುವುದು ತಾನಾಗಿ ನಿಂತಿತು.

ಇಷ್ಟರಲ್ಲಿ ಸಮಿತಿಗೆ 'ನಿರ್ಮಲ ಕಪಿಲಾ ಅಭಿಯಾನ'ವೂ ಬಂದು ಸೇರಿತು. ಬೆಂಗಳೂರಿನಿಂದ ಗಣ್ಯರೊಬ್ಬರು ಬಂದು ನಿರ್ಮಲವಾದ ಕಪಿಲೆಯನ್ನು ನಾಡಿಗೆ ಅರ್ಪಿಸುವುದೆಂದು ದಿನ ಗೊತ್ತಾಯಿತು. ಹೊಳೆ ಶುಚಿಯಾಗಬೇಕಾದರೆ ವರ್ಷಗಟ್ಟಲೆ ಬೇಕು ಎಂದು ತಿಳಿದವರು ಹೇಳಿದರು. ಚಿತ್ರವಾದರೆ ಹದಿನೈದು ದಿನದಲ್ಲಿ ಆಗುತ್ತದೆ ಎಂದು ಮಹಾದೇವಸ್ವಾಮಿಯವರು ಹೇಳಿದರು. ಸಭೆಯು ಎರಡನೆಯ ಸಲಹೆಯನ್ನು ಪ್ರಾಯೋಗಿಕವೆಂದು ಒಪ್ಪಿ, ಬೋಂಡ ತಿಂದು ಎದ್ದಿತು.

ರಂಗನಾಯಕ ಒಂದು ಭಾನುವಾರ ಚೊಂಬು ಹಿಡಿದು ಹೋಗಿ, ಕಂಡ ಹಾಗೇ ಬರೆದು ತಂದ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದೇನ್ರೀ, ಚರಂಡಿನಾ?"

"ಕಪಿಲೆ ಸಾ."

"ಕಪಿಲೆ ನೀಲಿ ಕಣ್ರೀ."

"ಎಲ್ಲಿ ಸಾ ನೀಲಿ?"

ಮಹಾದೇವಸ್ವಾಮಿಯವರು ಎದ್ದುಹೋಗಿ ಗೋಡೆಯ ಮೇಲಿದ್ದ ತಾಲ್ಲೂಕು ನಕ್ಷೆಯ ಮೇಲೆ ಬೆರಳಿಟ್ಟರು. ನಂಜನಗೂಡಿನಿಂದ ನರಸೀಪುರದವರೆಗೆ ಒಂದು ಗೆರೆ ಅಂಕುಡೊಂಕಾಗಿ ಹರಿದಿತ್ತು. ನಿಜವಾಗಿಯೂ ನೀಲಿಯಾಗಿಯೇ ಇತ್ತು.

"ಇದನ್ನ ಮಾಡಿದೋರೆಲ್ಲ ದಡ್ಡರೇನ್ರೀ? ಅಳತೆ ಮಾಡಿ, ಸರಪಳಿ ಹಿಡಿದು ಮಾಡಿರೋದು. ನೀವೊಬ್ಬರು ಮೆಟ್ಟಿಲ ಮೇಲೆ ಕೂತು ನೋಡಿಬಿಟ್ಟರೆ ನದಿ ಬಣ್ಣ ಬದಲಾಗುತ್ತಾ? ನೀಲಿ ಬಳೀರಿ. ಆಗೋದಿಲ್ಲ ಅಂದ್ರೆ ಹೇಳಿ, ಪೂರ್ಣಾವಧಿನ ರದ್ದು ಮಾಡ್ತೀವಿ."

ರಂಗನಾಯಕ ಮನೆಗೆ ಬಂದು ಮೂಲೆ ಹಿಡಿದು ಕೂತ. ಮುದ್ದಮ್ಮನ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿತ್ತು. ಸಂಬಳ ಬರತೊಡಗಿದ ಮೇಲೆ ಡಾಕ್ಟರು ಹೇಳಿದ ಹಾಗೆ ಅವಳು ಹೊಲಿಗೆ ಬಿಟ್ಟಿದ್ದಳು.

"ಕೆಲ್ಸ ಬುಟ್ಬುಡಾನ ಅಂತಿವ್ನಿ" ಅಂದ.

"ಯಾಕ, ಏನಾಯ್ತು?"

"ಒಳೇನ ನೀಲಿ ಬರಿ ಅಂತರೆ."

"ಬರಿ ಮತ್ತೆ! ನೀಲಿ ಬಳುದ್ರೆ ನಿನ್ ಕೈಯೇನ್ ಬಿದ್ದೋಯ್ತದಾ?" ಅಂದಳು ಮುದ್ದಮ್ಮ. ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದಳು. "ನೀ ಬುಡು ಅಂದ್ರೆ ನಾ ನಾಳೀಕೇ ಮಿಷನ್ ತುಳೀತೀನಿ, ಅದ್ಕೇನಂತೆ. ಆದ್ರೆ ಸೂಜಿಗೆ ದಾರ ನೀನೇ ಪೋಣಿಸ್ಕೊಡ್ಬೇಕು. ನಂಗ್ ಕಾಣಾಕಿಲ್ಲ."

ಅವನಿಗೆ ಅವಳ ಮೇಲೆ ಸಿಟ್ಟು ಬಂತು, ಅವಳು ಹೇಳಿದ್ದರಲ್ಲಿ ತಪ್ಪೇ ಇಲ್ಲವಲ್ಲ ಅಂತ ಇನ್ನೂ ಸಿಟ್ಟು ಬಂತು. ಕೊನೆಗೆ ತನ್ನ ಮೇಲೇ ಅಸಹ್ಯವಾಯಿತು. ಮಾರನೆಯ ದಿನ ಹೋಗಿ ನೀಲಿ ಬಳಿದ.

ಬಳಿದರೆ ನೀಲಿ ಬರಲಿಲ್ಲ. ಅಭ್ಯಾಸಬಲ ನೋಡಿ, ಭಾನುವಾರ ಚೊಂಬಿನಲ್ಲಿ ತಂದಿದ್ದ ಹೊಳೆಯ ನೀರಿಗೇ ಕುಂಚ ಅದ್ದಿದ್ದ. ಡಬ್ಬಿಯಿಂದ ನೀಲಿಯಾಗಿ ಹೊರಟದ್ದು ಕಾಗದ ಮುಟ್ಟುವಷ್ಟರಲ್ಲಿ ಕೊಳೆತ ಸೊಪ್ಪಿನ ಬಣ್ಣಕ್ಕೆ ತಿರುಗುತ್ತಿತ್ತು. ಇನ್ನೊಂದು ಕಾಗದ ತಂದರು, ಹಾಗೇ ಆಯಿತು. ಹೊಸ ಡಬ್ಬಿ ತರಿಸಿದರು, ಹಾಗೇ ಆಯಿತು. ಇದರಲ್ಲಿ ನೌಕರನ ದುರುದ್ದೇಶವಿದೆಯೇ ಎಂದು ವಿಚಾರಣೆ ನಡೆಸಲು ಅಧ್ಯಕ್ಷರು ಸಿದ್ಧರಾಗುತ್ತಿದ್ದಾಗ, ಚಿಕ್ಕಸ್ವಾಮಿ ಸಭೆಯ ಮೇಜಿನಿಂದ ಒಂದು ಬಾಟಲಿ ಕುಡಿಯುವ ನೀರು ತಂದು, ಚೊಂಬು ಖಾಲಿ ಮಾಡಿ, ಅದಕ್ಕೆ ಸುರಿದ. ನೀಲಿ ಬಂತು. ಎಂಥಾ ನೀಲಿ ಅಂತೀರಿ, ಮದುವೆ ಮನೆಯ ಬಾಗಿಲಿಗೆ ಹೊಡೆಯುವಂಥ ನೀಲಿ. ಸಮಿತಿಯು ಅಂದೇ ನಿಯಮ ಮಾಡಿತು: "ನದಿಯ ಚಿತ್ರಗಳಿಗೆ ಯಾವುದೇ ಕಾರಣಕ್ಕೂ ನದಿಯ ನೀರನ್ನು ಬಳಸತಕ್ಕದ್ದಲ್ಲ."

ಸಮಾರಂಭ ಚೆನ್ನಾಗಿ ಆಯಿತು. ಗಣ್ಯರು ಬಂದರು, ಹೊಳೆಯ ಕಡೆ ಕಾರಿನ ಗಾಜು ಏರಿಸಿಕೊಂಡೇ ಸಭಾಂಗಣಕ್ಕೆ ಬಂದರು, ಚಿತ್ರದ ಪರದೆ ಸರಿಸಿದರು. "ಇದೇ ನಮ್ಮ ಕಪಿಲೆ" ಎಂದು ಕಣ್ಣು ಒದ್ದೆ ಮಾಡಿಕೊಂಡರು. ಆಗ ಅವರ ಜೊತೆ ಬಂದಿದ್ದ ಯಾರೋ ಒಬ್ಬರು, ಇದು ಅಸಲಿನ ಹಾಗೇ ಇದೆ ಅನ್ನುವುದಕ್ಕೆ ಆಧಾರ ಏನು ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಶಾಲೆಯ ಅಂಕಪಟ್ಟಿಗೂ ರೇಷನ್ ಕಾರ್ಡಿಗೂ ಬೇಕಾಗುವ ದೃಢೀಕರಣ ಒಂದು ನದಿಗೆ ಬೇಡವೇ? ಮಹಾದೇವಸ್ವಾಮಿಯವರು ನಿಂತ ನಿಲುವಿನಲ್ಲೇ ಚಿತ್ರದ ಕೆಳಗೆ, ನೀಲಿಯ ಮೇಲೆಯೇ, ಮೊಹರು ಒತ್ತಿದರು: "ಅಸಲಿನೊಂದಿಗೆ ತಾಳೆ ನೋಡಲಾಗಿದೆ. ನಿಜಪ್ರತಿ." ಹಸಿರು ಶಾಯಿಯಲ್ಲಿ ಸಹಿ ಮಾಡಿದರು. ಅಸಲು ಕಾಣುವಂತೆ ಕಿಟಕಿ ತೆಗೆಯಲೇ ಎಂದು ಚಿಕ್ಕಸ್ವಾಮಿ ಕೇಳಿದ. ಬೇಡ, ಸೊಳ್ಳೆ ಬರುತ್ತೆ ಎಂದರು.

ಇದಾದ ಮೇಲೆ ಹೊಳೆಯ ಬಗ್ಗೆ ಬರುವ ದೂರುಗಳ ವಿಲೇವಾರಿ ಬಹಳ ಸುಲಭವಾಯಿತು. ದೂರು ತಂದವರನ್ನು ಚಿತ್ರದ ಮುಂದೆ ನಿಲ್ಲಿಸುತ್ತಿದ್ದರು. ಹೆಚ್ಚಿನವರು ಮೊಹರು ನೋಡಿ ಸುಮ್ಮನೆ ವಾಪಸ್ ಹೋಗುತ್ತಿದ್ದರು.

ಚಲುವಯ್ಯ ಮಾತ್ರ ಹೋಗಲಿಲ್ಲ. ನರಸೀಪುರದ ಕಡೆ ಹೊಳೆದಂಡೆಯ ಊರಿನವನು. ಒಂದಿಷ್ಟು ತರಕಾರಿ ಬೆಳೆದು ನಂಜನಗೂಡಿಗೆ ತಂದು ಮಾರುತ್ತಿದ್ದ. ಒಂದು ದಿನ ಬಾಟಲಿಯಲ್ಲಿ ಹೊಳೆಯ ನೀರು ಹಿಡಿದು ತಂದು ಅಧ್ಯಕ್ಷರ ಮೇಜಿನ ಮೇಲಿಟ್ಟ.

"ನೋಡಿ ಸಾ. ನೀರಿಗಿಳುದ್ರೆ ಮೈಯೆಲ್ಲ ಕಡಿತದೆ. ನಮ್ಮೆಮ್ಮೆ ಮೂಸ್‌ಬುಟ್ಟು ಮಕ ತಿರುಗುಸ್ಕತದೆ."

ಮಹಾದೇವಸ್ವಾಮಿಯವರು ಬಾಟಲಿಯನ್ನು ಎತ್ತಿ ಗೋಡೆಯ ಚಿತ್ರದ ಪಕ್ಕದಲ್ಲಿ ಹಿಡಿದರು. ಆ ಕಡೆ ನೋಡಿದರು, ಈ ಕಡೆ ನೋಡಿದರು.

"ತಾಳೆ ಆಗ್ತಿಲ್ವಲ್ಲಪ್ಪ. ಇದು ದೃಢೀಕರಣ ಆಗಿರೋ ಕಪಿಲೆ. ನಿನ್ನ ಬಾಟಲೀಲಿರೋದಕ್ಕೆ ಮೊಹರು ಇದೆಯಾ?"

"ನೀರಿಗೆ ಎಂಗ್ ಸಾ ಮೊಹರಾಕ್ಸಾದು?"

"ಅದನ್ನ ತರೋಕ್ ಮುಂಚೆ ಯೋಚನೆ ಮಾಡಬೇಕಿತ್ತು."

ಚಲುವಯ್ಯ ಸುತ್ತಲೂ ನೋಡಿದ. ಬಾಗಿಲ ಹತ್ತಿರ ಕಸಬರಿಕೆ ಹಿಡಿದು ನಿಂತಿದ್ದ ರಂಗನಾಯಕ ಅವನ ಕಣ್ಣಿಗೆ ಬಿದ್ದ. ತಕ್ಷಣ ಅವನ ಮುಖ ಅರಳಿತು.

"ಇವ್ರುನ್ನ ಕೇಳಿ ಸಾ! ನಾ ತರಕಾರಿ ತರೋವಾಗ್ಲೆಲ್ಲ ನೋಡಿವ್ನಿ. ಒತಾರೆಯಿಂದ ಒಳೆ ಮೆಟ್ಲಲ್ಲೇ ಕುಂತು ನೀರ್ನೇ ನೋಡ್ತಿದ್ರು. ಒಳೆ ಇವ್ರಿಗ್ ಗೊತ್ತಿದ್ದಂಗೆ ಇನ್ಯಾರ್ಗೂ ಗೊತ್ತಿಲ್ಲ. ಯೋಳಿ ಸಾಮಿ, ಇದು ಒಳೆ ನೀರು ಔದೋ ಅಲ್ವೋ?"

ಎಲ್ಲರೂ ರಂಗನಾಯಕನ ಕಡೆ ತಿರುಗಿದರು. ಅವನು ಬಾಟಲಿಯ ಕಡೆ ಒಂದೇ ಒಂದು ಸಲ ಕಣ್ಣು ಹಾಯಿಸಿದ. ಗೊತ್ತಾಗದೆ ಇರುತ್ತದೆಯೇ? ಆ ಬಣ್ಣ ಅವನ ಹಿತ್ತಾಳೆ ಚೊಂಬಿನ ತಳದಲ್ಲಿ ಇನ್ನೂ ಕಟ್ಟಿಕೊಂಡಿತ್ತು. ಬಟ್ಟೆ ಹೊದಿಸಿಟ್ಟ ಮಿಷನ್ನು ನೆನಪಾಯಿತು, ಸೂಜಿಯ ಕಣ್ಣು ನೆನಪಾಯಿತು. ಗೋಡೆಯ ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು.

"ನಾ ನೋಡಿಲ್ಲ ಸಾ" ಅಂದ. "ಆಫೀಸ್ ಟೈಮಲ್ಲಿ ನೋಡಂಗಿಲ್ಲ."

ಚಿಕ್ಕಸ್ವಾಮಿ ತೃಪ್ತಿಯಿಂದ ತಲೆಯಾಡಿಸಿದ. ಚಲುವಯ್ಯ ಮಾತ್ರ ಬಹಳ ಹೊತ್ತು ರಂಗನಾಯಕನನ್ನೇ ನೋಡುತ್ತ ನಿಂತ. ಅವನಿಗೆ ಕಚೇರಿ ಅವಧಿಯ ನಿರ್ಬಂಧ ಇರಲಿಲ್ಲ.

ಬಂದವನನ್ನು ಬರಿಗೈಯಲ್ಲಿ ಕಳಿಸುವುದು ಬೇಡವೆಂದು ಚಿತ್ರವನ್ನು ಅಚ್ಚು ಹಾಕಿಸಿದ ಕ್ಯಾಲೆಂಡರೊಂದನ್ನು ಕೊಟ್ಟರು. ಮನೆಮಂದಿಗೆ ತೋರಿಸು, ಅನುಮಾನ ಹೋಗುತ್ತೆ ಎಂದರು. ಎಮ್ಮೆಗೆ ಏನು ತೋರಿಸಲಿ ಅಂತ ಅವನು ಕೇಳಿದ್ದಕ್ಕೆ ಇನ್ನೊಂದು ಪ್ರತಿಯನ್ನೂ ಕೊಟ್ಟರು. ಅದನ್ನು ದನ ನೀರಿಗಿಳಿಯುವ ಕಡೆ ಗೂಟಕ್ಕೆ ಕಟ್ಟಲು ಸಮಿತಿಯಿಂದಲೇ ದಾರ ಮಂಜೂರಾಯಿತು. ಎಮ್ಮೆ ಕೆಲವು ದಿನ ಹಟ ಮಾಡಿತು. ಆಮೇಲೆ ಬೇಸಗೆ ಬಂತು, ಊರಿನ ಬಾವಿ ಬತ್ತಿತು, ಎಮ್ಮೆಯೂ ಕುಡಿಯಿತು. ಸಮಿತಿಯು ಇದನ್ನು ಫಲಾನುಭವಿಯ ಒಪ್ಪಿಗೆ ಎಂದು ದಾಖಲಿಸಿ ಅಭಿಯಾನವನ್ನು ಮುಕ್ತಾಯಗೊಳಿಸಿತು.

ರಂಗನಾಯಕನಿಗೆ ಕೆಲಸ ಖಾಯಂ ಆಯಿತು. ಈಗ ಊರಿನಲ್ಲಿ ಅವನನ್ನು ಏನು ಕೆಲಸ ಅಂತ ಯಾರೂ ಕೇಳುವುದಿಲ್ಲ. ಹತ್ತರಿಂದ ಐದೂವರೆಯ ತನಕ ಕ್ಯಾಲೆಂಡರು ನೋಡದೆಯೇ ನೀಲಿ ಹೊಳೆ ಬರೆಯುತ್ತಾನೆ. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರುವುದಿಲ್ಲ ಎಂದು ಚಿಕ್ಕಸ್ವಾಮಿ ಎಲ್ಲರೆದುರು ಹೊಗಳುತ್ತಾನೆ. ಮುದ್ದಮ್ಮನಿಗೆ ಒಳ್ಳೆಯ ಕನ್ನಡಕ ಬಂದಿದೆ.

ಒಂದು ಭಾನುವಾರ ಮುದ್ದಮ್ಮನೇ ಬಲವಂತ ಮಾಡಿ ಅವನನ್ನು ಹೊಳೆಗೆ ಕರೆದುಕೊಂಡು ಹೋದಳು. ಬಹಳ ಕಾಲದ ಮೇಲೆ ಅವನು ಆ ಮೆಟ್ಟಿಲ ಮೇಲೆ ಕೂತ. ಹೊಸ ಕನ್ನಡಕದಲ್ಲಿ ಅವಳು ಒಮ್ಮೆ ನೀರು ನೋಡಿದಳು, ಒಮ್ಮೆ ಅವನ ಮುಖ ನೋಡಿದಳು. ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅವನು ಕಣ್ಣು ಕಿರಿದು ಮಾಡಿ, ಮೊದಲು ಮಾಡುತ್ತಿದ್ದ ಹಾಗೆಯೇ ಕತ್ತು ಓರೆ ಮಾಡಿ ಹೊಳೆಯನ್ನು ನೋಡಿದ.

"ಯಾರ್ ಮಾಡಿರದು ಇದ?" ಅಂದ. "ಬಣ್ಣ ಸರ್ಯಾಗ್ ಬಂದಿಲ್ಲ."

ಆಮೇಲೆ ಪಂಚೆ ಕೊಡವಿಕೊಂಡು ಎದ್ದು, ಹೆಂಡತಿಯನ್ನು ಕರೆದುಕೊಂಡು ಮನೆಗೆ ಹೊರಟ.