ಪೀರ್ ಸಾಬರಿಗಿಂತ ಒಂದು ಫಿಲ್ಟರ್ ಹೆಚ್ಚು

ಬೆಳಿಗ್ಗೆ ಆರೂವರೆಗೆ ಚಲುವಯ್ಯ ಜಗುಲಿಯ ಮೇಲೆ ಕೂತು ಕಾಫಿ ಕುಡಿಯುವ ಹೊತ್ತಿಗೆ ಸರಿಯಾಗಿ ಎದುರುಮನೆಯ ಪೀರ್ ಸಾಬರು ತಮ್ಮ ಲಾರಿ ಹತ್ತುತ್ತಾರೆ. ಚನ್ನಪಟ್ಟಣದ ಆ ಬೀದಿಯಲ್ಲಿರುವುದು ಎರಡೇ ಲಾರಿ. ಎರಡೂ ಒಂದೇ ಕಂಪನಿಯವು, ಒಂದೇ ವಯಸ್ಸಿನವು, ಎರಡೂ ಮರದ ಗೊಂಬೆಗಳ ಪೆಟ್ಟಿಗೆ ಹೊರುವಂಥವು. ಹದಿನೈದು ದಿನದ ಹಿಂದಿನವರೆಗೆ ಎರಡೂ ಒಂದೇ ರೀತಿ ಕೆಮ್ಮಿ, ಕ್ಯಾಕರಿಸಿ, ಬೀದಿಗೆಲ್ಲ ಹೊಗೆ ಹಂಚಿ ಎದ್ದೇಳುತ್ತಿದ್ದವು. ಈಗ ಹಾಗಲ್ಲ. ಪೀರ್ ಸಾಬರು ಒಂದು ಗುಂಡಿ ಒತ್ತುತ್ತಾರೆ. ‘ಗುಂಯ್’ ಎಂದು ಸಣ್ಣ ಸದ್ದು, ಬರೀ ಅರ್ಧ ನಿಮಿಷ. ಆಮೇಲೆ ಕೀಲಿ ತಿರುಗಿಸಿದರೆ ಎಂಜಿನ್ ಒಂದೇ ಉಸಿರಿಗೆ ಏಳುತ್ತದೆ.

ಅಂದು ಅಂಗಳ ಗುಡಿಸುತ್ತಿದ್ದ ಚಲುವಯ್ಯನ ಹೆಂಡತಿ ಮುನಿರತ್ನಮ್ಮ ಪೊರಕೆ ನಿಲ್ಲಿಸಿ ನೋಡಿದಳು.

“ಎಷ್ಟು ಮರ್ವಾದೆಯಾಗಿ ಎದ್ದೇಳ್ತದೆ ನೋಡಿ ಸಾಬ್ರ ಲಾರಿ! ನಮ್ದು ಎದ್ರೆ ಪಕ್ಕದ್ಮನೆ ಹಸ ಹಗ್ಗ ಕಿತ್ಕೊತದೆ.”

“ಅದು ಪಂಪು ಕಣಮ್ಮಿ. ರಾತ್ರಿಯೆಲ್ಲ ಎಂಜಿನ್ ಆಯಿಲ್ ಕೆಳಕ್ಕೆ ಇಳ್ದಿರ್ತದೆ. ಸ್ಟಾರ್ಟ್ ಮಾಡೋಕೆ ಮುಂಚೆ ಅದನ್ನ ಎತ್ತಿ ಬೇರಿಂಗಿಗೆಲ್ಲ ಕುಡಿಸ್ತದೆ. ಅದೇನ್ ದೊಡ್ಡ ಇಸ್ಯ ಅಲ್ಲ.”

“ದೊಡ್ಡ ಇಸ್ಯ ಅಲ್ದಿದ್ರೆ ನಮ್ದಕ್ಕೆ ಯಾಕಿಲ್ಲ? ಇನ್ನೊಂದು ಫಿಲ್ಟ್ರೂ ಹಾಕ್ಸವ್ರಂತೆ. ಆಯಿಲ್ ಜೇನುತುಪ್ಪ ಇದ್ದಂಗೈತೆ ಅಂತ ಅವ್ರ ಹೆಂಡ್ತಿ ರೋಶನ್ ಬೀ ಹೇಳ್ತಿದ್ಲು. ನಮ್ ಲಾರೀದ್ರಲ್ಲಿ ಕಣ್ಗೆ ಕಾಡಿಗೆ ಮಾಡ್ಕೋಬೋದು!”

ಮದುವೆಯಾಗಿ ಹದಿನೆಂಟು ವರ್ಷ. ಅಷ್ಟೂ ವರ್ಷದಲ್ಲಿ ಮುನಿರತ್ನಮ್ಮ ಅವನ ಲಾರಿಯನ್ನು ಹೊಗಳಿದ್ದಿಲ್ಲ, ಲಾರಿ ಓಡಿಸುವವನನ್ನಂತೂ ಇಲ್ಲವೇ ಇಲ್ಲ. ಈಗ ಪರರ ಎಂಜಿನ್ನಿಗೆ ಪೊರಕೆ ನಿಲ್ಲಿಸಿ ಪ್ರಶಸ್ತಿ! ಚಲುವಯ್ಯ ಲೋಟ ಕುಕ್ಕಿ ಘೋಷಿಸಿದ:

“ಬುಧವಾರ ನಿನ್ ತಮ್ಮನ ಗೃಹಪ್ರವೇಶಕ್ಕೆ ಬಸ್ಸಿಲ್ಲ, ನಮ್ ಲಾರೀಲೇ ಹೋಗೋದು. ಸ್ಟಾರ್ಟ್ ಅಂದ್ರೆ ಏನು ಅಂತ ಅವತ್ತು ನೋಡೀವಂತೆ!”

“ನೋಡ್ತೀನಿ. ಹನ್ನೊಂದು ಗಂಟೆಗೆ ಹಾಲುಕ್ಕಿಸೋಳು ನಾನು. ಅಷ್ಟೊತ್ಗೆ ದೊಡ್ಡಆಲಹಳ್ಳೀಲಿ ಇರ್ಬೇಕು, ಅಷ್ಟೇಯ.”

ಅದೇ ದಿನ ಲಾರಿ ಮೆಕ್ಯಾನಿಕ್ ಖಾಸಿಂನ ಶೆಡ್ಡಿಗೆ ಹೋಯಿತು.

“ಸಾಬ್ರಿಗೆ ಎಷ್ಟು ಫಿಲ್ಟ್ರು ಹಾಕ್ದೆ?”

“ಹೊಸದು ಒಂದಣ್ಣ. ಆಯಿಲ್ಲನ್ನ ಒಸಿ ಒಸಿಯಾಗಿ ಪಕ್ಕಕ್ಕೆ ಎಳ್ಕೊಂಡು, ನುಣ್ಣಗೆ ಸೋಸಿ ವಾಪಸ್ ಬುಡ್ತದೆ.”

“ನಂಗೆ ಎರಡು.”

“ಎರಡ್ನೇದಕ್ಕೆ ಕೆಲ್ಸಾನೇ ಇರಲ್ವಲ್ಲಣ್ಣ!”

“ಕೆಲ್ಸ ಇಲ್ದಿದ್ರೆ ಸುಮ್ನೆ ಕೂತಿರ್ಲಿ. ಹಾಕ್ಲಾ.”

ಖಾಸಿಂ ಹಾಕಿದ. ಪಂಪು ಕೂರಿಸಿ, ಗುಂಡಿ ತೋರಿಸಿ ಹೇಳಿದ: “ಗೇಜಿನ ಮುಳ್ಳು ಎದ್ದೇಟ್ಗೆ ಆಫ್ ಮಾಡ್ಬುಡಿ. ಪಂಪು ಓಡೋದು ಬ್ಯಾಟ್ರೀಲಿ. ಅರ್ಧ ನಿಮಿಷ ಸಾಕು.”

“ಸಾಬ್ರೂ ಅರ್ಧ ನಿಮಿಷಾನೇ?”

“ಹೂಂ.”

ಪೀರ್ ಸಾಬರ ಎಂಜಿನ್ನಿಗೆ ಅರ್ಧ ನಿಮಿಷವಾದರೆ ತನ್ನದಕ್ಕೂ ಅಷ್ಟೇ ಎಂದರೆ ಮಾನ ಉಳಿಯುವುದೇ?

ಬುಧವಾರ ಬೆಳಿಗ್ಗೆ ಚಲುವಯ್ಯ ಐದು ನಿಮಿಷ ಪಂಪು ಓಡಿಸಿದ. ಎದುರುಮನೆಗೆ ಕೇಳಲಿ ಎಂದು. ಎದುರುಮನೆಯವರು ಬೆಳಗಾಗುವ ಮುಂಚೆಯೇ ಗೊಂಬೆ ತುಂಬಿಸಲು ಹೋಗಿದ್ದರು. ಆದರೂ ಲಾರಿ ಸದ್ದಿಲ್ಲದೆ ಎದ್ದಿತು. ಮುನಿರತ್ನಮ್ಮ ಏನೋ ಹೇಳಲು ಬಾಯಿ ತೆರೆದವಳು, ಆಕಳಿಸಿದಳು.

ಹೊಸ ಸಾಮಾನು ಕೂರಿಸಿದ ಮೇಲೆ ಕೆಂಗಲ್ ಆಂಜನೇಯನ ಮುಂದೆ ಲಾರಿ ನಿಲ್ಲಿಸಿ ಪೂಜೆ ಮಾಡಿಸದೆ ಮುಂದಕ್ಕೆ ಹೋಗುವುದುಂಟೇ? ಮುಂದೆ ಎರಡು ಹೊಸ ಕಾರುಗಳ ಸರದಿಯಿತ್ತು. ಚಲುವಯ್ಯ ಎಂಜಿನ್ ನಿಲ್ಲಿಸಿದ. ದೇವರಿಗೆ ಕಾಣಲಿ ಎಂದು ಹೆಡ್‌ಲೈಟ್ ಹಾಕಿದ. ದೇವರಿಗೂ ಹೆಂಡತಿಗೂ ಕೇಳಲಿ ಎಂದು ಪಂಪಿನ ಗುಂಡಿ ಒತ್ತಿದ. ಗುಂಯ್!

“ಆಫ್ ಮಾಡಲ್ವಾ?”

“ಕುಡೀಲಿ ಸುಮ್ಕಿರಮ್ಮಿ! ನಾವೇನು ಸಾಬ್ರಂಗೆ ಜಿಪುಣರಾ?”

ಕಾರುಗಳ ಪೂಜೆ ಮುಗಿಯಿತು. ಲಾರಿಗೆ ಹಾರ ಬಿತ್ತು, ಕುಂಕುಮ ಬಿತ್ತು, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟಾಯಿತು. ಮಂಗಳಾರತಿಯ ಹೊತ್ತಿಗೆ ಗುಂಯ್ ಎನ್ನುತ್ತಿದ್ದ ಪಂಪು ಸೊಳ್ಳೆಯ ಸ್ವರಕ್ಕಿಳಿದು, ಆಮೇಲೆ ಅದೂ ನಿಂತಿತು. ಹೆಡ್‌ಲೈಟ್ ಎಣ್ಣೆ ತೀರಿದ ಹಣತೆಯಂತಾಯಿತು. “ಹೂಂ, ನಿಂಬೆಹಣ್ಣಿನ ಮೇಲೆ ಹತ್ತಿಸಿ” ಎಂದರು ಅರ್ಚಕರು. ಚಲುವಯ್ಯ ಗತ್ತಿನಿಂದ ಕೀಲಿ ತಿರುಗಿಸಿದ.

ಟಕ್.

ಮತ್ತೆ ತಿರುಗಿಸಿದ. ಟಕ್. ನಿಂಬೆಹಣ್ಣುಗಳು ನೆಮ್ಮದಿಯಾಗಿದ್ದವು. ಗಂಟೆ ಒಂಬತ್ತು.

ಆಗ ಹಿಂದಿನಿಂದ ಬಂದು ನಿಂತ ಲಾರಿ ಯಾರದೆಂದು ಅವನು ತಿರುಗಿ ನೋಡಬೇಕಾಗಿರಲಿಲ್ಲ. ಅದೇ ದಾರಿಯಲ್ಲಿ ಕನಕಪುರಕ್ಕೆ ಗೊಂಬೆ ಹೊತ್ತಿದ್ದ ಪೀರ್ ಸಾಬರು ಇಳಿದು ಬಂದರು. ಪಕ್ಕದ ಸೀಟಿನಲ್ಲಿ ತಂಗಿಯ ಮನೆಗೆ ಹೊರಟಿದ್ದ ರೋಶನ್ ಬೀ.

“ಏನಾಯ್ತು ಚಲುವಣ್ಣ? ಪಂಪು ಎಷ್ಟೊತ್ತು ಹಾಕಿದ್ರಿ?”

“ಒಸಿ ಹೊತ್ತು,” ಎಂದ ಚಲುವಯ್ಯ.

“ಮುಂದಿನ ಕಾರಿನ ಪೂಜೆಯಿಂದ ನಮ್ ಮಂಗಳಾರತಿ ಗಂಟ,” ಎಂದಳು ಮುನಿರತ್ನಮ್ಮ.

ಪೀರ್ ಸಾಬರು ನಗಲಿಲ್ಲ. ನಕ್ಕಿದ್ದರೆ ಚಲುವಯ್ಯನಿಗೆ ಅನುಕೂಲವಾಗುತ್ತಿತ್ತು. “ಹಗ್ಗ ಐತೆ, ಎಳೀತೀನಿ. ನೂರು ಅಡಿಗೆ ಸ್ಟಾರ್ಟ್ ಆಯ್ತದೆ,” ಎಂದರು.

ಎರಡು ಫಿಲ್ಟರಿನ ಲಾರಿಯನ್ನು ಒಂದು ಫಿಲ್ಟರಿನ ಲಾರಿ ಎಳೆಯುವುದೇ!

“ಹಗ್ಗ ಬ್ಯಾಡ ಸಾಬ್ರೇ. ಹೊಸ ಸಿಸ್ಟಮ್ಮು. ಒಸಿ ರೆಸ್ಟ್ ಕೊಟ್ರೆ ತಾನೇ ಸರಿಹೋಯ್ತದೆ.”

“ನೀವು ರೆಸ್ಟ್ ಕೊಟ್ಕೊಂಡಿರಿ,” ಎಂದು ಮುನಿರತ್ನಮ್ಮ ಹಾಲುಕ್ಕಿಸಲು ತಂದಿದ್ದ ಪಾತ್ರೆ ಎತ್ತಿಕೊಂಡಳು. “ನನ್ ತಮ್ಮನ ಮನೇಲಿ ಹಾಲು ರೆಸ್ಟ್ ತಗೊಳಲ್ಲ.”

“ಬಾ ಅಕ್ಕ, ಜಾಗ ಐತೆ,” ಎಂದು ರೋಶನ್ ಬೀ ಸರಿದು ಕೂತಳು. ಪೀರ್ ಸಾಬರ ಲಾರಿ ಹೊರಟಿತು.

ಚಲುವಯ್ಯ ಲಾರಿಗೆ ಒಂದೂವರೆ ಗಂಟೆ ವಿಶ್ರಾಂತಿ ಕೊಟ್ಟ. ಅದು ತಾನೇ ಸರಿಹೋಗಲಿಲ್ಲ. ಕೊನೆಗೆ ಬಸ್ಸಿಳಿದ ಒಂದು ಮದುವೆ ದಿಬ್ಬಣದ ಹದಿನಾಲ್ಕು ಗಂಡಸರು, ರೇಷ್ಮೆ ಪಂಚೆ ಎತ್ತಿ ಕಟ್ಟಿ, ವರನೂ ಸೇರಿ ತಳ್ಳಿದರು. ಬೇರಿಂಗುಗಳಿಗೆ ಆಯಿಲ್ಲಿನ ಕೊರತೆಯಿರಲಿಲ್ಲ, ಅದನ್ನು ಒಪ್ಪಲೇಬೇಕು. ಎಂಜಿನ್ ಅಷ್ಟು ಹಿತವಾಗಿ ಎಂದೂ ಎದ್ದಿರಲಿಲ್ಲ. ಕೇಳಬೇಕಾದವಳು ಆಗ ಕನಕಪುರ ದಾಟಿದ್ದಳು.

ದೊಡ್ಡಆಲಹಳ್ಳಿ ಮುಟ್ಟಿದಾಗ ಗಂಟೆ ಒಂದು. ಹಾಲು ಹನ್ನೊಂದಕ್ಕೇ ಉಕ್ಕಿತ್ತು. ಮುನಿರತ್ನಮ್ಮನನ್ನು ಇಳಿಸಲು ಕನಕಪುರದಿಂದ ಆಚೆಗೂ ಬಂದು ಹಾಗೇ ಹೊರಟಿದ್ದ ಪೀರ್ ಸಾಬರನ್ನು ಅವಳ ತಮ್ಮ ಕರಿಯಪ್ಪ ಬಿಡದೆ ಮೊದಲ ಪಂಕ್ತಿಯಲ್ಲಿ ಕೂರಿಸಿ ಪಾಯಸ ಬಡಿಸಿ ಕಳಿಸಿದ್ದ.

“ಬಾವ, ಆ ಪಂಪಿನ ಇಸ್ಯ ಸಾಬ್ರು ಎಷ್ಟು ಚೆಂದಾಗಿ ಹೇಳುದ್ರು! ನೀವೂ ಒಸಿ ಕೇಳಿ ತಿಳ್ಕೊಳಿ.”

ಹಾಲುಕ್ಕಿದ ಗಳಿಗೆಯ ಫೋಟೋಕ್ಕೆ ಕರಿಯಪ್ಪ ಫ್ರೇಮ್ ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದಾನೆ. ಅದರಲ್ಲಿ ಮುನಿರತ್ನಮ್ಮ ನಗುತ್ತಿದ್ದಾಳೆ, ಪಕ್ಕದಲ್ಲಿ ರೋಶನ್ ಬೀ, ಹಿಂದೆ ಪೀರ್ ಸಾಬರು. ಇನ್ನೊಂದು ಪ್ರತಿಗೂ ಫ್ರೇಮ್ ಆಗಿದೆ. ಬರುವ ಸೋಮವಾರ ಅದನ್ನು ಎದುರುಮನೆಗೆ ಒಯ್ದು, ಮೊಳೆ ಹೊಡೆದು, ನೇರವಾಗಿ ತೂಗುಹಾಕಿ ಬರಬೇಕಾದವನು ಚಲುವಯ್ಯ.